ಕಿವಿಯೊಳಗಿನ ದವಡೆ

ಎಡಗಿವಿ ಮೊದಲು ಹೋಯಿತು. ಪರೇಲ್ ಸ್ಟೇಷನ್ನಿನಲ್ಲಿ
ಲೋಕಲ್ ಬಂದದ್ದು ಮುಖಕ್ಕೆ ಹೊಡೆದ ಗಾಳಿಯಿಂದ ಗೊತ್ತಾಗುತ್ತಿತ್ತು.
ಆಮೇಲೆ ಬಲಗಿವಿ, ಬಾಡಿಗೆ ಬಾಕಿಯಿಟ್ಟವನ ಹಾಗೆ
ರಾತ್ರಿಯಲ್ಲಿ ಒಂದೊಂದೇ ಸಾಮಾನು ಸಾಗಿಸುತ್ತ:
ಫ್ಯಾನಿನ ಗುಂಯ್, ಮೊಮ್ಮಗಳ ಪಿಸುಮಾತು,
ಕಡೆಗೆ ಕುಕ್ಕರಿನ ಸೀಟಿ.

ಮೂವತ್ತೊಂದು ವರ್ಷ ಹೆಣ ಕೊಯ್ಯುವ ಹಾಲಿನಲ್ಲಿ
ಮೇಜು ತೊಳೆದವನು ನಾನು, ನಾಗು ತಿಂಗಳಾಯ.
ಹಗಲು ಕ್ಯಾಂಟೀನು, ರಾತ್ರಿ ಫೋರ್ಟಿನ ಕನ್ನಡ ಶಾಲೆ,
ಎಂಟನೆಯದು ಫೇಲಾದ ವರ್ಷ ಈ ಕೆಲಸ ಸಿಕ್ಕಿತು.
ಹುಡುಗರು ಬದಲಾಗುತ್ತಿದ್ದರು, ಪಾಠ ಅದೇ.
ಗಝ್ದರ್ ಬಾಯಿ ತೋಳಿನ ಚರ್ಮ ಮಡಚಿ ಎಣಿಸುವರು:
ಒಂದು ಎಲುಬು, ಆಮೇಲೆ ಎರಡು,
ಆಮೇಲೆ ಹರಳಿನಂಥವು ಎಂಟು, ಆಮೇಲೆ ಬೆರಳು.
ಕೆಸರಲ್ಲಿ ಎದೆಯೂರಿ ಎದ್ದ ಯಾವುದೋ ಮೀನು
ತನ್ನ ರೆಕ್ಕೆಯಲ್ಲಿ ಶುರುಮಾಡಿದ ಲೆಕ್ಕ ಇದು,
ಇನ್ನೂ ಚುಕ್ತಾ ಆಗಿಲ್ಲ, ಎನ್ನುವರು.
ಮೂಲೆಯಲ್ಲಿ ಮಾಪು ಹಿಡಿದು ನಿಂತ ನಾನು
ನನ್ನ ಮೊಳಕೈ ಮುಟ್ಟಿಕೊಳ್ಳುತ್ತಿದ್ದೆ.
ಮನೆಗೆ ಹೋದರೆ ಹೆಂಡತಿ ಮೂಸಿ
"ಮೊದಲು ಸ್ನಾನ" ಎನ್ನುವಳು.

ಈಗ ಅದೇ ಬಾಯಿಯ ಶಿಷ್ಯೆ, ಕಿವಿಯ ಡಾಕ್ಟರು,
ಕವಲೊಡೆದ ಉಕ್ಕಿನ ಕಡ್ಡಿಯನ್ನು ತನ್ನ ಮಂಡಿಗೆ ಬಡಿದು
ಕಿವಿಯ ಮುಂದೆ ಹಿಡಿದಳು. ಏನಿಲ್ಲ.
ಕಿವಿಯ ಹಿಂದಿನ ಎಲುಬಿಗೆ ಊರಿದಳು.
ಅಬ್ಬ, ತಲೆತುಂಬ ಜೇನು!
"ನರ ಸರಿಯಿದೆ ಕಾಕಾ, ಒಳಗೆ ಸಣ್ಣ ಮೂಳೆಯೊಂದು ಜಾಮ್ ಆಗಿದೆ"
ಎಂದು ಚೀಟಿಯಲ್ಲಿ ಬರೆದು ತೋರಿಸಿದಳು.
ಅವಳು ಬರೆಯದೆ ಬಿಟ್ಟದ್ದು ನನಗೆ ಬಾಯಿಪಾಠ.

ಮೂರು ಮೂಳೆ. ಅಕ್ಕಿಕಾಳು, ನುಚ್ಚು, ನುಚ್ಚಿನ ಅರ್ಧ.
ಎರಡು, ಹಲ್ಲಿಯಂಥ ಹಳೇ ಪ್ರಾಣಿಗಳ ದವಡೆಯ ಕೀಲು;
ಅಗಿಯುವ ಕೆಲಸ ತಪ್ಪಿದ ಮೇಲೆ ಒಳಗೆ ಸರಿದು
ಕೇಳುವ ಕೆಲಸಕ್ಕೆ ನಿಂತವು,
ಕ್ಯಾಂಟೀನು ಬಿಟ್ಟು ಬಂದ ನನ್ನ ಹಾಗೆ.
ಮೂರನೆಯದು, ಈಗ ಮೊಂಡು ಹಿಡಿದಿರುವುದು,
ಮೀನಿನ ಕಿವಿರಿಗೆ ಆನಿಕೆಯಾಗಿದ್ದ ಗೂಟ.

ಕಿವಿರು. ಕಿವಿ.
ನಮ್ಮ ಮಾತಿನಲ್ಲಿ ಒಂದಕ್ಷರ ಉದುರಿದರೆ ಸಾಕು.
ಅದಕ್ಕೆ ಎಷ್ಟು ಕೋಟಿ ವರ್ಷ ಹಿಡಿಯಿತೋ,
ಆ ಒಂದಕ್ಷರಕ್ಕೆ.

ಅಪ್ಪ ನೆನಪಾದ.
ಮಲ್ಪೆಯಾಚೆ ನಡುಗಡಲಲ್ಲಿ ದೋಣಿ ನಿಲ್ಲಿಸಿ,
ಎಲ್ಲರೂ ಸುಮ್ಮನಿರಿ ಎಂದು ಕೈ ಮಾಡಿ,
ಹುಟ್ಟಿನ ಅಲಗನ್ನು ನೀರಿಗಿಳಿಸಿ ಹಿಡಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದ.
ಕೆಳಗೆ ಮೀನು ಗೊರಗುಟ್ಟುವುದು
ಅವನ ದವಡೆಗೆ ಕೇಳುತ್ತಿತ್ತಂತೆ.
ನಾವು ಹುಡುಗರು ಅಂಗಿಯೊಳಗೆ ಮುಖ ಹುದುಗಿಸಿ ನಗುತ್ತಿದ್ದೆವು.
ಶಾಲೆಯ ಮುಖ ನೋಡದ ಅಪ್ಪ.
ಬಲೆ ಬೀಸು ಎಂದನೆಂದರೆ ಬೀಸಬೇಕು.

ಮಂಗಳವಾರ ಆಪರೇಷನ್ನು. ಗೂಟ ಕಿತ್ತು
ಟೆಫ್ಲಾನಿನ ಕಡ್ಡಿ ಕೂರಿಸುತ್ತಾರಂತೆ,
ಹೆಂಡತಿಯ ದೋಸೆ ಕಾವಲಿಯ ಜಾತಿಯದು.
ಬೇಡವೆನ್ನಲಿಲ್ಲ. ಮೊಮ್ಮಗಳ ಗುಟ್ಟು ತುಂಬ ಬಾಕಿ ಇವೆ.

ಅದಕ್ಕೆ ಮುಂಚೆ ಇವತ್ತು, ಇನ್ನೂ ಕತ್ತಲೆ,
ಸಸೂನ್ ಡಾಕಿಗೆ ಬಂದೆ.
ಹರಾಜು ಕೂಗುವವನ ಬಾಯಿ ತೆರೆದು ಮುಚ್ಚುತ್ತಿದೆ,
ಬುಟ್ಟಿಯಲ್ಲಿ ಕೊನೆಯುಸಿರಿನ ಬಂಗುಡೆಯದೂ;
ನನಗೆ ಎರಡೂ ಒಂದೇ ಮಾತು.
ಕಟ್ಟಿಹಾಕಿದ ದೋಣಿಯ ಅಂಚಿಗೆ ಗದ್ದವೂರಿದೆ.
ಮರದೊಳಗಿಂದ ಬಂತು: ಪಕ್ಕದ ಎಂಜಿನ್ನು,
ಐಸು ಪುಡಿಯಾಗುವುದು, ಹಗ್ಗದ ನರಳು,
ಅದರಡಿ ನೀರು, ನೀರಿನಡಿ

ಬೆನ್ನಿಗೆ ಬುಟ್ಟಿ ತಾಗಿತು. ಮೂಗುತಿಯ ಮೀನುಗಾರ್ತಿ,
ಅವಳ ತುಟಿ ಏನೋ ಅಂದಿತು, ಬಹುಶಃ ಬೈಗುಳ.
ಗದ್ದ ಎತ್ತದೆ
ಸುಮ್ಮನಿರು ಎಂದು ಕೈ ಮಾಡಿದೆ.